ಮಾತಾಡಿಸಲು ಬಂದವರು

ವಿಬುಧೇಂದ್ರಾಚಾರ್ಯರು ಹನ್ನೆರಡು ವರ್ಷದಿಂದ ರಾಯಚೂರಿನಿಂದ ದೇವದುರ್ಗಕ್ಕೆ ದಿನಾ ಬಸ್ಸಿನಲ್ಲಿ ಬಂದು ಕನ್ನಡ ಪಾಠ ಮಾಡುತ್ತಾರೆ. ನಾನು ಅದೇ ಕಾಲೇಜಿನ ಇತಿಹಾಸದ ಮೇಷ್ಟ್ರು, ಬಸ್ಸಿನಲ್ಲಿ ಅವರ ಪಕ್ಕದ ಸೀಟಿನವನು. ಇರುವೆ ತುಳಿದರೂ ಮರುಗುವ ಈ ಮಡಿವಂತ ಮನುಷ್ಯ ಪಿಎಚ್‌ಡಿ ಮಾಡಿದ್ದು ಯಾವುದರ ಮೇಲೆ ಗೊತ್ತೇ? ಹೊಸ ಸಾಹಿತ್ಯದಲ್ಲಿ ಕಾರಣವಿಲ್ಲದ ಕೊಲೆ. ಅವರ ತಾಯಿ ಸರಸ್ವತಿಬಾಯಿ ಆ ಪುಸ್ತಕವನ್ನು ದೇವರ ಕೋಣೆಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ.

"ಬ್ಯಾರೆ ವಿಷಯ ಸಿಗಲಿಲ್ಲೇನ್ರಿ ನಿಮಗ?" ಎಂದು ನಾನೂ ರೇಗಿಸುತ್ತಿದ್ದೆ.

"ಕಾರಣ ಇದ್ರ ಓದಿದಾವ ಆರಾಮ ನಿದ್ದಿ ಮಾಡ್ತಾನ್ರಿ. ಇಲ್ಲದಿದ್ರನ ತ್ರಾಸು" ಎಂದು ನಗುತ್ತಿದ್ದರು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಸರಕಲ್ಲಿನ ಅನ್ನಮ್ಮ ಕಾಲೇಜಿಗೆ ಬಂದರು. ಅವರ ಮಗಳು ಕಾವ್ಯಾ ಆಚಾರ್ಯರ ವಿದ್ಯಾರ್ಥಿನಿ. ತಿಂಗಳ ಹಿಂದೆ ಅನ್ನಮ್ಮನ ಮಗ ಉದಯಕುಮಾರನನ್ನು ಮಾನ್ವಿಯ ಒಂದು ಚಹಾದಂಗಡಿ ಮುಂದೆ ಗುರುತು ಪರಿಚಯವಿಲ್ಲದ ಒಬ್ಬ ಚೂರಿಯಿಂದ ಇರಿದು ಕೊಂದಿದ್ದ. ಪೊಲೀಸರು ಕೇಳಿದರೆ "ಸುಮ್ನ ಹಾಕಿದೆ" ಎಂದನಂತೆ. ಕುರಿ ಕಡಿಯುವವನಿಗೂ ಹಬ್ಬವೋ ಹಸಿವೋ ಒಂದು ಕಾರಣವಿರುತ್ತದೆ.

ನಮ್ಮ ಕಡೆ ಸತ್ತವರ ಮನೆಗೆ ಮಾತಾಡಿಸಲು ಹೋಗುವ ರೂಢಿ. ಹೋದವರು ಹೆಂಗಾತು, ಯಾಕಾತು ಎಂದು ಕೇಳಬೇಕು. ಮನೆಯವರು ಬಂದ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕು. 'ಯಾಕಾತು' ಎಂದರೆ ಅನ್ನಮ್ಮನ ಹತ್ತಿರ ಉತ್ತರವಿರಲಿಲ್ಲ. ಬಂದವರೇ ಉತ್ತರ ಕಟ್ಟಿಕೊಂಡು ಹೋದರು. ಹೆಣ್ಣಿನ ವಿಷಯ ಎಂದರು, ಇಸ್ಪೀಟು ಎಂದರು.

"ನನ್ನ ಮಗ ಅಂಥಾವಲ್ರೀ ಸರ. ನೀವು ಇದನ್ನ ಓದೀರಂತ, ಕಾವ್ಯಾ ಹೇಳಿದ್ಲು. ಕಾರಣ ಇಲ್ದನೂ ಕೊಲ್ತಾರ ಅಂತ ನಮ್ಮೂರಾಗ ಬಂದು ಒಂದು ಮಾತು ಹೇಳ್ರಿ. ಅವನ ಹೆಸರರ ಉಳೀಲಿ" ಎಂದು ಅನ್ನಮ್ಮ ಆಚಾರ್ಯರಿಗೆ ಕೈ ಮುಗಿದರು.

ಹೋದೆವು. ಊರಿನ ಹಿರಿಯ ಮಲ್ಲಯ್ಯನವರು ಮಠದ ಕಟ್ಟೆಯ ಮೇಲೆ ಚಾಪೆ ಹಾಸಿಸಿ ಜನರನ್ನು ಕೂಡಿಸಿದರು. ಆಚಾರ್ಯರು ಅರ್ಧ ಗಂಟೆ ಹೇಳಿದರು. ಕ್ಲಾಸಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರುವ ಮಾತು ಅಲ್ಲಿ ತೊದಲಿತು. ಕಥೆಗಳ ಉದಾಹರಣೆ ಕೊಟ್ಟರೆ "ಅದು ಕಥಿ ಆತಲ್ರೀ" ಎಂದರು ಯಾರೋ.

ಎಲ್ಲ ಕೇಳಿಸಿಕೊಂಡು, ಚಹಾ ಕುಡಿಸಿ, ಮಲ್ಲಯ್ಯನವರು ಮೆಲ್ಲಗೆ ಅಂದರು: "ನೀವು ಹೇಳೋದು ಖರೆ ಅದ್ರೀ ಸರ. ಆದ್ರ ಬೆಂಕಿ ಇಲ್ದ ಹೊಗಿ ಬರ್ತದೇನ್ರಿ? ಹುಡುಗ ಏನ್ ಮಾಡಿದ್ದ?"

ನನಗೆ ಮೈಯೆಲ್ಲ ಉರಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು ಎಂದು ಗೊಣಗಿದೆ. ಆಚಾರ್ಯರು ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಂಡರು.

ಬಸ್ಸಿನವರೆಗೆ ಅನ್ನಮ್ಮ ಜೊತೆಗೆ ಬಂದರು. ಬಸ್ಸು ಬಂದು ನಿಂತಾಗ ಆಚಾರ್ಯರ ಹತ್ತಿರ ಸರಿದು, ಸೆರಗು ಬಾಯಿಗೆ ಹಿಡಿದು ಕೇಳಿದರು:

"ಸರ, ಓದಿದಾವ್ರು ನೀವು, ನಿಮಗ ಗೊತ್ತಿರ್ತದ. ನನ್ನ ಮಗ ಏನರ ಮಾಡಿದ್ದನೇನ್ರಿ? ನಾ ಯಾರ ಮುಂದೂ ಹೇಳಂಗಿಲ್ಲ."