ಬಿಸಿಲಿಗೆ ಇಟ್ಟ ಸಸಿಗಳು

1998ರಲ್ಲಿ, ಒಂಬತ್ತನೆಯ ಇಯತ್ತೆಯಲ್ಲಿ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ದುಡಿದು ತೋರಿಸುತ್ತೇನೆಂದು ನಾನೇ ಬಿಟ್ಟೆ. ಮುಂದೆ ಯರಗಟ್ಟಿ ಸುತ್ತಿನ ಹೊಲಗಳಲ್ಲಿ ಬಹಳ ವರ್ಷ ಬೇರೆಯವರ ಟ್ರ್ಯಾಕ್ಟರ್ ಹೊಡೆದೆ. ಆ ಕೆಲಸವನ್ನೂ ಬಿಟ್ಟು ನಮ್ಮ ಹೊಲದ ಮೂಲೆಯಲ್ಲಿ ಹಸಿರುಮನೆ ಕಟ್ಟಿ, ಟ್ರೇಗಳಿಗೆ ತೆಂಗಿನ ನಾರಿನ ಪುಡಿ ತುಂಬಿ, ಮೆಣಸಿನಕಾಯಿ ಬೀಜ ಹಾಕಿದೆ. ಆ ಮೊದಲ ಸಸಿ ಮಾರಾಟವಾಗದಿದ್ದರೆ ಮತ್ತೆ ಸ್ಟೇರಿಂಗ್ ಹಿಡಿಯಬೇಕಿತ್ತು.

ಸಸಿ ಎದ್ದ ಮೇಲೆ ನೀರು ಕಡಿಮೆ ಮಾಡಿ ಟ್ರೇಗಳನ್ನು ಹೊರಗೆ ಬಿಸಿಲಿಗೆ ಇಟ್ಟೆ. ನೆರಳಲ್ಲಿ ಉಬ್ಬಿ ಬೆಳೆದ ಸಸಿ ಹೊಲಕ್ಕೆ ಹೋದ ದಿನವೇ ಬಾಡಿ ಬೀಳುವುದನ್ನು ಟ್ರ್ಯಾಕ್ಟರ್ ಮೇಲೆ ಕೂತು ಎಷ್ಟೋ ಸಲ ನೋಡಿದ್ದೆ. ನನ್ನ ಸಸಿಗಳ ದಂಟು ಗಟ್ಟಿಯಾಯಿತು, ಆದರೆ ಎಲೆಯ ಹೊಳಪು ಹೋಯಿತು.

ಮೊದಲ ಗಿರಾಕಿ ದೊಡವಾಡದ ಹಿರಿಯ ರೈತರು. ಗಾಡಿ ತಂದಿದ್ದರು. ಟ್ರೇಯ ಸಸಿ ನೋಡಿ ಮುಖ ಗಂಟು ಹಾಕಿದರು.

"ಏನೋ ತಮ್ಮಾ, ಅಗಿಗೆ ಊಟಾ ಹಾಕಿಲ್ಲೇನು? ಹಸರ ಇಲ್ಲ, ಎತ್ತರ ಇಲ್ಲ."

ನನ್ನ ಹೆಂಡತಿ ಪಕ್ಕಕ್ಕೆ ಕರೆದು, "ನಾಲ್ಕ ದಿನಾ ಒಳಗಿಟ್ಟು ನೀರು ಬಿಟ್ರ ಹಸರಾಗತಾವ. ಅವರಿಗೆ ಅದ ಬೇಕಂದ್ರ ಕೊಡ್ರಲ್ಲ" ಅಂದಳು.

"ಕೊಡಾಂಗಿಲ್ಲ" ಅಂದೆ. ಗಿರಾಕಿಗೆ ಹೇಳಿದೆ, "ಕಾಕಾ, ಇಲ್ಲೇ ಬಯಲಾಗ ಒಂದು ಸಾಲು ಹಚ್ಚತೇನಿ. ಸಂಜಿತನಕಾ ಕುಂತ ನೋಡ್ರಿ. ಬಿದ್ದೂವಂದ್ರ ಬರೇ ಗಾಡಿ ಹೊಡಕೊಂಡು ಹೋಗ್ರಿ."

ನೆತ್ತಿ ಸುಡುವ ಹೊತ್ತು. ಸಾಲು ಹಚ್ಚಿ, ಒಂದೇ ಸಲ ನೀರು ಹಾಕಿದೆ. ಊಟವಾಯಿತು, ಚಹಾ ಆಯಿತು. ಗಾಳಿ ಬೀಸಿದಾಗ ಎಲೆಗಳು ಮುದುಡಿದವು. ಆದರೂ ಎದ್ದು ಹೋಗಿ ಇನ್ನೊಂದು ಹನಿ ಹಾಕಲಿಲ್ಲ.

ಹೊತ್ತು ಇಳಿದ ಮೇಲೆ ಇಬ್ಬರೂ ಸಾಲಿಗೆ ಹೋದೆವು. ಬಹುತೇಕ ಎಲೆಗಳು ಮತ್ತೆ ಬಿಚ್ಚಿದ್ದವು.

"ಎರಡು ಮಲಗ್ಯಾವಲ್ಲೋ!"

"ನಿಮ್ಮಂಗ ಊಟದ ಮ್ಯಾಲ ನಿದ್ದಿ ಹತ್ತೈತ್ರಿ ಕಾಕಾ."

ಅವರು ನಗಲಿಲ್ಲ. ಬಗ್ಗಿ ಒಂದು ದಂಟನ್ನು ಬೆರಳಿನಿಂದ ಬಾಗಿಸಿ ಬಿಟ್ಟರು. ಅದು ನೆಟ್ಟಗೆ ನಿಂತಿತು.

"ಏರಸು ಗಾಡಿಗೆ. ಮಲಗೂ ಜಾತಿ ಹಾಕಬ್ಯಾಡ ಮತ್ತ."

ಅವತ್ತಿನಿಂದ ಇಂದಿನವರೆಗೂ ಬಿಸಿಲು ಕಾಣದ ಸಸಿಯನ್ನು ನಾನು ಯಾರಿಗೂ ಕೊಟ್ಟಿಲ್ಲ. ಸ್ಟೇರಿಂಗ್ ಹಿಡಿಯುತ್ತೇನೆ, ನನ್ನದೇ ಗಾಡಿಯದು. ಈಗ ನನಗಿರುವುದು ಮೂರು ಹಸಿರುಮನೆ, ಒಂದು ಬೋರ್‌ವೆಲ್, ಸಸಿ ಸಾಗಿಸಲು ಒಂದು ಟಂಟಂ, ದಿನಾ ಕೆಲಸಕ್ಕೆ ಬರುವ ಆರು ಹೆಣ್ಣುಮಕ್ಕಳು.