ಎತ್ತಿ ಕುಡಿದ ನೀರು

ಟೆಂಟಿನ ಜಿಪ್ಪಿನ ಹಲ್ಲುಗಳ ಸಂದಿಯಲ್ಲಿ ಕೆಂಪು ಮಣ್ಣು ಕೂತಿತ್ತು. ಉಗುರಿನಿಂದ ಕೆರೆದರೆ ಬರಲಿಲ್ಲ. ಸೂಜಿ ತಂದು ಒಂದೊಂದೇ ಹಲ್ಲನ್ನು ಬಿಡಿಸಿದಾಗ, ಕುಂಕುಮದ ಭರಣಿಯ ತಳದಲ್ಲಿ ಉಳಿಯುತ್ತದಲ್ಲ, ಅಷ್ಟು ಪುಡಿ ಕಾಗದದ ಮೇಲೆ ಬಿತ್ತು. ಮೂಗಿನ ಹತ್ತಿರ ಹಿಡಿದು ನೋಡಿದೆ. ವಾಸನೆ ಇರಲಿಲ್ಲ. ಆ ಮಣ್ಣಿಗೆ ವಾಸನೆ ಹುಟ್ಟಬೇಕಾದರೆ ಮಳೆ ಬೀಳಬೇಕು. ನಾವು ಅಲ್ಲಿ ನಡೆಯುತ್ತಿದ್ದಾಗ ಒಂದು ಸಲವೂ ಮಳೆ ಬಿದ್ದಿರಲಿಲ್ಲ.

ಟೆಂಟು ಪರ್ತ್‌ನಿಂದ ಕೊರಿಯರ್‌ನಲ್ಲಿ ಬಂದಿತ್ತು. ನಾನಿರುವುದು ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ. ಹೆಸರಿಗೆ ಕಣಿವೆ, ಶುಕ್ರವಾರ ಸಂಜೆಯಾದರೆ ಕುಡಿದವರ ಹಾಡು ನನ್ನ ಬಾಲ್ಕನಿಯವರೆಗೂ ಏರಿ ಬರುತ್ತದೆ. ಆ ಗದ್ದಲದ ನಡುವೆ ಪೆಟ್ಟಿಗೆ ಬಿಚ್ಚಿ ಒಳಗಿದ್ದುದನ್ನೆಲ್ಲ ನೆಲದ ಮೇಲೆ ಹರಡಿದೆ. ಟೆಂಟು, ಬೆನ್ನುಚೀಲ, ಮಡಚುವ ಊರುಗೋಲಿನ ಜೋಡಿ, ಅಂಗೈ ಅಗಲದ ಗ್ಯಾಸ್ ಒಲೆ. ಚೀಟಿ ಇರಲಿಲ್ಲ. ಇರುವುದೂ ಇಲ್ಲವೆಂದು ಗೊತ್ತಿತ್ತು. ಕಳಿಸಿದವರು ವೇಣಕ್ಕ, ಮತ್ತು ಇನ್ನು ಮುಂದೆ ಬೆಟ್ಟದಲ್ಲಿ ನಡೆಯುವುದಿಲ್ಲವೆಂದು ಹೇಳಲು ಅವರಿಗೆ ಇದಕ್ಕಿಂತ ಕಡಿಮೆ ಮಾತಿನ ದಾರಿ ಇರಲಿಲ್ಲ.

ವೇಣಕ್ಕ, ಪೂರ್ತಿ ಹೆಸರು ನಾಗವೇಣಿ, ನನಗೆ ನೆಂಟರಲ್ಲ. ಓದಲೆಂದು ಅಡಿಲೇಡಿಗೆ ಬಂದಾಗ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಚಿತ್ರದುರ್ಗದವರು. ಬಂಡೆ ನೋಡುತ್ತಲೇ ಬೆಳೆದು, ಬಂಡೆಯನ್ನೇ ಓದಿ, ಬಂಡೆ ಒಡೆಯುವ ಕಂಪನಿಗಳಿಗೆ ಎಲ್ಲಿ ಒಡೆಯಬೇಕೆಂದು ಹೇಳುವ ಕೆಲಸದಲ್ಲಿದ್ದರು. ನನಗಿಂತ ಸುಮಾರು ಹದಿನೈದು ವರ್ಷಕ್ಕೆ ದೊಡ್ಡವರು, ಒಂಟಿ. ಒಂದೇ ಅಡುಗೆಮನೆಯಲ್ಲಿ ಎರಡು ವರ್ಷ ಅನ್ನ ಮಾಡಿಕೊಂಡೆವು. ಅವರು ಯಾಕೆ ಮದುವೆಯಾಗಲಿಲ್ಲವೆಂದು ನಾನು ಕೇಳಲಿಲ್ಲ. ಕೆಲವು ಭಾನುವಾರ ನಾನು ಕೋಣೆಯಿಂದ ಯಾಕೆ ಹೊರಗೆ ಬರುವುದಿಲ್ಲವೆಂದು ಅವರೂ ಕೇಳಲಿಲ್ಲ. ನಿಮಗೆ ಇದು ಒಣ ಸಂಬಂಧವೆನಿಸಬಹುದು. ಮೈಸೂರಿನಲ್ಲಿ ನಮ್ಮ ಬೀದಿಯ ಆಂಟಿಯರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಬೆಳೆದ ನನಗೆ ಆ ಮೌನ ಹೊದಿಕೆಯ ಹಾಗಿತ್ತು.

ಅಂಥ ಒಂದು ಭಾನುವಾರವೇ ಅವರು ಬಾಗಿಲು ತಟ್ಟಿದ್ದು.

"ಏನೂ ಮಾತಾಡ್ಬೇಡ. ಶೂ ಹಾಕ್ಕೊಂಡು ಬಾ."

ಮೊದಲು ಊರ ಪಕ್ಕದ ಗುಡ್ಡ. ಆಮೇಲೆ ಎರಡು ದಿನದ ನಡಿಗೆ. ಆಮೇಲೆ ಫ್ಲಿಂಡರ್ಸ್ ಬೆಟ್ಟಸಾಲು. ಅಡಿಲೇಡಿನಿಂದ ಉತ್ತರಕ್ಕೆ ಹೋಗುತ್ತ ಹೋಗುತ್ತ ಗೋಧಿ ಹೊಲ ಮುಗಿಯುತ್ತದೆ, ಬೇಲಿ ಮುಗಿಯುತ್ತದೆ, ಕೊನೆಗೆ ಪೆಟ್ರೋಲ್ ಬಂಕೂ ಮುಗಿಯುತ್ತದೆ. ಅಲ್ಲಿಂದಾಚೆ ತುಕ್ಕು ಹಿಡಿದ ಕಬ್ಬಿಣದ ಬಣ್ಣದ ಬೆಟ್ಟಗಳು. ಮುಂದೆ ವೇಣಕ್ಕ ಗಣಿ ಕೆಲಸಕ್ಕೆಂದು ಪರ್ತ್‌ಗೆ ಹೋದರು, ನಾನು ಬ್ರಿಸ್ಬೇನಿಗೆ ಬಂದೆ. ಆದರೂ ಚಳಿಗಾಲ ಬಂತೆಂದರೆ ದೇಶದ ಎರಡು ತುದಿಯಿಂದ ಹಾರಿ ಬಂದು ಅಡಿಲೇಡಿನಲ್ಲಿ ಸೇರುತ್ತಿದ್ದೆವು, ವಾರಗಟ್ಟಲೆ ಬೆಟ್ಟದಲ್ಲಿ ನಡೆಯುತ್ತಿದ್ದೆವು.

ನಾನು ಒಳ್ಳೆಯ ನಡಿಗೆಗಾರ್ತಿಯಲ್ಲ. ಮೊದಲ ಸಲ ಎರಡು ದಪ್ಪ ಪುಸ್ತಕ ಹೊತ್ತು ಬಂದಿದ್ದೆ. ವೇಣಕ್ಕ ಅವನ್ನು ಕಾರಿನಲ್ಲೇ ಬಿಡಿಸಿ, ಭಾರ ಇಳಿಯಲೆಂದು ನನ್ನ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಮುರಿದುಕೊಟ್ಟರು. ಆ ಜಾಗದಲ್ಲಿ ಅವಲಕ್ಕಿ, ಹುರಿಗಡಲೆ, ಪುಳಿಯೋಗರೆ ಗೊಜ್ಜು ಕೂತವು. ಬೇರೆ ನಡಿಗೆಗಾರರು ಬಿಸಿನೀರು ಹಾಕಿ ಕಲಸುವ ಬಣ್ಣಬಣ್ಣದ ಪೊಟ್ಟಣ ಬಿಚ್ಚುತ್ತಿದ್ದರೆ ನಾವು ಅವಲಕ್ಕಿಗೆ ಒಂದು ಬೊಗಸೆ ನೀರು ಚಿಮುಕಿಸಿ ಊಟ ಮುಗಿಸುತ್ತಿದ್ದೆವು.

ಆ ಬೆಟ್ಟಗಳಲ್ಲಿ ಹೊಳೆಗಳಿವೆ, ನೀರಿಲ್ಲ. ನಕ್ಷೆಯಲ್ಲಿ ನೀಲಿ ಗೆರೆ ಎಳೆದಿರುತ್ತಾರೆ. ಇಳಿದು ಹೋದರೆ ಬೆಳ್ಳಗಿನ ಉರುಟುಗಲ್ಲು, ನಡುವೆ ನಾಲ್ಕು ಜನ ತಬ್ಬಿದರೂ ಸಾಲದಂಥ ನೀಲಗಿರಿ ಮರಗಳು. ಕುಡಿಯುವ ನೀರು ದಾರಿಯಲ್ಲಿ ಅಲ್ಲಲ್ಲಿ ಇಟ್ಟಿರುವ ಮಳೆನೀರಿನ ಟ್ಯಾಂಕುಗಳಲ್ಲಿ ಮಾತ್ರ. ಒಂದರಿಂದ ಇನ್ನೊಂದಕ್ಕೆ ಬೇಕಾಗುವಷ್ಟನ್ನು ಬೆನ್ನ ಮೇಲೆ ಹೊರಬೇಕು. ಅದಕ್ಕೇ ಎಲ್ಲರೂ ಚೀಲದೊಳಗೆ ರಬ್ಬರ್ ಚೀಲವಿಟ್ಟು, ಅದರಿಂದ ಹೊರಟ ನಳಿಕೆಯನ್ನು ಬಾಯಿಗಿಟ್ಟುಕೊಂಡು ಹೀರುತ್ತ ನಡೆಯುತ್ತಾರೆ. ವೇಣಕ್ಕ ಅದನ್ನು ಮುಟ್ಟಲಿಲ್ಲ.

"ಹಸುಗೂಸಿನ ಥರ ಚೀಪ್ಕೊಂಡು ಹೋಗೋದಾ? ನನ್ ಕೈಲಾಗಲ್ಲ."

ಅವರು ಎತ್ತಿಯೇ ಕುಡಿಯುವವರು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಚಿಕ್ಕಂದಿನಲ್ಲಿ ಕಲಿಸಿರುತ್ತಾರೆ, ಚೊಂಬಿಗೆ ತುಟಿ ತಾಗಿಸಬಾರದು, ಎಂಜಲಾಗುತ್ತದೆ ಎಂದು. ಕಲಿಸಿದರೂ ನಾನು ಇವತ್ತಿಗೂ ಅಂಗಿ ನೆನೆಸಿಕೊಳ್ಳುವವಳೇ. ವೇಣಕ್ಕ ಹಾಗಲ್ಲ. ಬೆಟ್ಟದ ನೆತ್ತಿಯಲ್ಲಿ, ಟೋಪಿ ಹಾರಿಸುವಂಥ ಗಾಳಿಯಲ್ಲಿ, ಗಾಳಿಗೆ ಬೆನ್ನು ಕೊಟ್ಟು ಬಾಟಲಿಯನ್ನು ಒಂದು ಗೇಣು ಮೇಲಕ್ಕೆತ್ತಿದರೆಂದರೆ ನೀರು ದಾರದ ಹಾಗೆ ಇಳಿಯುತ್ತಿತ್ತು. ಒಂದು ಹನಿ ಆಚೀಚೆ ಇಲ್ಲ. ಅವರಲ್ಲಿ ನಾನು ಕಂಡ ಒಂದೇ ಒಂದು ಒಣಜಂಬ ಅದು. ಒಮ್ಮೆ ಕೊನೆಯ ಸರ್ವೋದಲ್ಲಿ, ಇಲ್ಲಿ ಪೆಟ್ರೋಲ್ ಬಂಕಿಗೆ ಹಾಗೆನ್ನುತ್ತಾರೆ, ಕೌಂಟರಿನ ಮುದುಕ ನೋಡಿ ನೋಡಿ, ಬಾಟಲಿಯ ಬಾಯಿಗೆ ಏನಾದರೂ ಅಂಟಿದೆಯೇ ಎಂದು ಕೇಳಿದ.

"ಇಲ್ಲ, ನಮ್ಮಜ್ಜಿ ನೋಡ್ತಿದ್ದಾರೆ," ಅಂದರು ವೇಣಕ್ಕ ಇಂಗ್ಲಿಷಿನಲ್ಲಿ.

ಮುದುಕ ತಿರುಗಿ ಬಾಗಿಲ ಕಡೆ ನೋಡಿದ.

ನಮ್ಮ ಕೊನೆಯ ನಡಿಗೆಯಲ್ಲಿ, ಹೊರಟು ಎರಡೋ ಮೂರೋ ದಿನವಾಗಿತ್ತು. ಹೊಳೆಯ ಪಾತ್ರದಲ್ಲಿ ಕೂತಿದ್ದೆವು. ನೀರು ಕುಡಿದು ಬಾಟಲಿ ಇಳಿಸಿದಾಗ ಅವರ ಕಾಲರಿನ ಕೆಳಗೆ ಒದ್ದೆ ಕಲೆ ಕಂಡಿತು.

"ಗಾಳಿ," ಅಂದರು.

ಮೇಲೆ ನೋಡಿದೆ. ನೀಲಗಿರಿಯ ಎಲೆಗಳು ನೇತುಹಾಕಿದಂತೆ ನಿಂತಿದ್ದವು.

"ಹೌದು, ಗಾಳಿ," ಅಂದೆ.

ಆ ಬಿಸಿಲಿಗೆ ಕಲೆ ಬೇಗ ಒಣಗುತ್ತದೆ. ಆದರೆ ಮರುದಿನ ಮತ್ತೆ ಕಂಡಿತು, ಅಂಗಿಯ ಮೇಲೆ ಇನ್ನೂ ಕೆಳಗೆ. ಅವರು ಕುಡಿಯುವಾಗ ನನ್ನ ಕಡೆಗೆ ಬೆನ್ನು ಮಾಡಲು ಶುರುಮಾಡಿದರು. ನಾನು ಆ ಹೊತ್ತಿಗೆ ಶೂ ಬಿಚ್ಚಿ ಇಲ್ಲದ ಕಲ್ಲು ಕೊಡವುತ್ತಿದ್ದೆ. ಸಂಜೆ ಟೆಂಟಿನ ಜಿಪ್ಪು ಎಳೆಯಲು ಅವರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಲೋಹದ ಚಿಕ್ಕ ನಾಲಿಗೆ ಬೆರಳಿಂದ ಮತ್ತೆ ಮತ್ತೆ ಜಾರುವ ಸದ್ದು ಕೇಳುತ್ತಿತ್ತು. ನಾನು ಅವಲಕ್ಕಿಯನ್ನು ಅಗತ್ಯಕ್ಕಿಂತ ಜಾಸ್ತಿ ಹೊತ್ತು ಕಲಸುತ್ತಿದ್ದೆ. ನಾವು ಹೀಗೇ ಬದುಕಿದವರು. ಕಂಡದ್ದನ್ನು ಕಾಣದ ಹಾಗಿರುವುದನ್ನು ಮರ್ಯಾದೆ ಎಂದು ತಿಳಿದವರು.

ನೀರು ಸಾಕಷ್ಟಿದ್ದಿದ್ದರೆ ಹಾಗೇ ಅಡಿಲೇಡಿಗೆ ವಾಪಸಾಗುತ್ತಿದ್ದೆವೇನೋ. ಮುಂದಿನ ಟ್ಯಾಂಕಿನ ನಲ್ಲಿ ತಿರುಗಿಸಿದಾಗ ಮೊದಲು ಗಾಳಿ ಬಂತು, ಆಮೇಲೆ ಸತ್ತ ಇರುವೆಗಳ ಜೊತೆ ಒಂದಿಷ್ಟು ಕಂದು ನೀರು, ಆಮೇಲೆ ಅದೂ ನಿಂತಿತು. ಬಟ್ಟೆಯಲ್ಲಿ ಸೋಸಿ ಕುದಿಸಿದೆವು. ಇದ್ದದ್ದರ ಜೊತೆ ಸೇರಿಸಿದರೆ, ಜೋಪಾನವಾಗಿ ಕುಡಿದರೆ, ಎದುರಿನ ಏಣನ್ನು, ಬೆಟ್ಟಸಾಲಿನ ಆ ಚೂಪು ಬೆನ್ನನ್ನು, ಹತ್ತಿ ಆಚೆ ಬದಿಯ ಟ್ಯಾಂಕು ಮುಟ್ಟುವಷ್ಟಿತ್ತು. ಚೆಲ್ಲುವಷ್ಟಿರಲಿಲ್ಲ.

ಆಗಿನಿಂದ ವೇಣಕ್ಕ ಕುಡಿಯುವುದನ್ನೇ ಬಿಟ್ಟರು.

"ಕುಡೀರಿ ವೇಣಕ್ಕ."

"ಬಾಯಾರಿಕೆ ಇಲ್ಲ."

"ಬೆಳಿಗ್ಗೆಯಿಂದ ಕುಡಿದಿಲ್ಲ ನೀವು."

"ಏನು ತಾಯಿ, ಕಾವಲು ಕೂತಿದ್ದೀಯಾ?"

ಏರು ದಾರಿಯ ನಡುವೆ ಒಂದು ಮಡಿಕೆ ಬಿದ್ದ ಬಂಡೆಯನ್ನು ತೋರಿಸಿ, ಇದು ಒಂದು ಕಾಲಕ್ಕೆ ಸಮುದ್ರದ ತಳ ಕಣೇ ಎಂದು ಹೇಳಲು ಹೊರಟವರು ಅರ್ಧಕ್ಕೇ ನಿಲ್ಲಿಸಿ ಕೂತುಬಿಟ್ಟರು. ತುಟಿ ಬಿಳಚಿಕೊಂಡಿತ್ತು. ತಲೆ ಸಿಡಿಯುತ್ತಿದೆ ಎಂದರು. ನಾನು ಬಾಟಲಿಯ ಮುಚ್ಚಳ ತೆಗೆದು ಅವರ ಬಾಯಿಗೆ ಮೇಲಿನಿಂದ ಹಾಕಲು ಹೋದೆ. ಮುಖ ತಿರುಗಿಸಿದರು.

"ಸಾಯೋರ್ಗೆ ಹಾಕೋ ಹಾಗೆ ಹಾಕ್ಬೇಡ. ಕೊಡಿಲ್ಲಿ."

ಎರಡೂ ಕೈಯಲ್ಲಿ ಬಾಟಲಿ ಹಿಡಿದು, ಅದರ ಬಾಯನ್ನು ತುಟಿಗಿಟ್ಟು, ಕಣ್ಣು ಮುಚ್ಚಿ ಕುಡಿದರು. ಬಾಟಲಿಯ ಅಂಚು ಹಲ್ಲಿಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತು. ಆ ಬೆಟ್ಟದಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ಕುಡಿದಾದ ಮೇಲೆ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಅದನ್ನೇ ನೋಡಿದರು.

"ಎಂಜಲು ಮಾಡ್ದೆ. ಇನ್ಮೇಲೆ ನಿಂದು ನಿಂಗೆ, ನಂದು ನಂಗೆ."

ನಾನು ಅವರ ತೊಡೆಯ ಮೇಲಿಂದ ಬಾಟಲಿ ತೆಗೆದುಕೊಂಡೆ. ಒರೆಸಲಿಲ್ಲ. ತುಟಿಗಿಟ್ಟು ಒಂದು ಗುಟುಕು ಕುಡಿದು ಮುಚ್ಚಳ ಹಾಕಿದೆ. ನೀರಿಗೆ ಅವರ ತುಟಿಗಂಟಿದ್ದ ಅವಲಕ್ಕಿಯ ಉಪ್ಪಿತ್ತು.

"ಥೂ. ಮೈಸೂರಿನವ್ಳಿಗೆ ಮಡಿ ಮೈಲಿಗೆ ಏನೂ ಇಲ್ಲ," ಅಂದರು.

ಆಮೇಲೆ ಹೇಳಿದರು. ಪಾರ್ಕಿನ್ಸನ್. ಈ ವಯಸ್ಸಿಗೆ ಅಪರೂಪವಂತೆ. ಈಗ ಕೈ, ಮುಂದೆ ಕಾಲು, ಎಷ್ಟು ಮುಂದೆ ಎಂದು ಡಾಕ್ಟರೂ ಹೇಳಲಾರರು. ಆಫೀಸಿನಲ್ಲಿ ತಿಳಿಸಿಲ್ಲ, ತಿಳಿಸಿದರೆ ಗಣಿಗೆ ಕಳಿಸುವುದಿಲ್ಲ, ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ಊರಿನಲ್ಲಿ ಅಣ್ಣನಿಗೂ ಹೇಳಿಲ್ಲ.

"ಈ ಸಲ ಏಣು ದಾಟಿಬಿಟ್ರೆ ಸಾಕು ಅಂದ್ಕೊಂಡಿದ್ದೆ. ಕಾಲು ಇರೋವಾಗ್ಲೇ."

"ದಾಟೋಣ."

"ಬೇಡ. ನೀರು ಸಾಲಲ್ಲ." ಅವರು ಎದುರಿನ ಏಣನ್ನು ಭೂವಿಜ್ಞಾನಿಯ ಕಣ್ಣಿನಿಂದ, ಬೆಲೆ ಕಟ್ಟುವವರ ಹಾಗೆ ನೋಡಿದರು. "ಬೆಟ್ಟಕ್ಕೇನು, ಅದು ಎಲ್ಲೂ ಹೋಗಲ್ಲ."

ಮರುದಿನ ಇಳಿದು, ಕುರಿ ಸಾಕುವವರ ಜೀಪಿನ ದಾರಿ ಹಿಡಿದು ರಸ್ತೆಗೆ ಬಂದೆವು. ಆ ವಿಷಯ ಮತ್ತೆ ಎತ್ತಲಿಲ್ಲ. ಅಡಿಲೇಡ್ ವಿಮಾನ ನಿಲ್ದಾಣದಲ್ಲಿ ಅವರು ಪಶ್ಚಿಮದ ಗೇಟಿಗೆ, ನಾನು ಪೂರ್ವದ ಗೇಟಿಗೆ. ಮುಂದಿನ ಚಳಿಗಾಲ ಅವರಿಗೆ ಕೆಲಸ ಇತ್ತು. ಅದರ ಮುಂದಿನ ಚಳಿಗಾಲವೂ ಇತ್ತು. ಹಬ್ಬಕ್ಕೆ ಫೋನು ಮಾಡಿದರೆ ಪರ್ತ್‌ನ ಸೆಖೆಯ ಬಗ್ಗೆ ಹೇಳುತ್ತಿದ್ದರು. ನಾನು ಬ್ರಿಸ್ಬೇನಿನ ಮಳೆಯ ಬಗ್ಗೆ ಹೇಳುತ್ತಿದ್ದೆ.

ಪೆಟ್ಟಿಗೆ ಬಂದ ಸಂಜೆ ಫೋನು ಮಾಡಿದೆ.

"ಬಂತಾ? ಟೆಂಟಿನ ಒಂದು ಗೂಟ ಸೊಟ್ಟಗಿದೆ, ನೋಡ್ಕೊ," ಅಂದರು. ಮಾತು ಮೆತ್ತಗಾಗಿತ್ತು, ಪದಗಳ ಅಂಚು ಸವೆದ ಹಾಗೆ.

"ನಡೀತಿದ್ದೀರಾ ವೇಣಕ್ಕ?"

ಅಷ್ಟು ವರ್ಷಗಳಲ್ಲಿ ನಾನು ಅವರನ್ನು ಕೇಳಿದ ಮೊದಲ ನೇರ ಪ್ರಶ್ನೆ ಇದಿರಬೇಕು.

"ನಡೀತೀನಲ್ಲ. ಇಲ್ಲೇ ಹತ್ರ, ಮೋರ್ಲಿಯ ಶಾಪಿಂಗ್ ಸೆಂಟರಲ್ಲಿ. ಬೆಳಿಗ್ಗೆ ಅಂಗಡಿ ತೆಗೆಯೋಕ್ ಮುಂಚೆ ಬಿಡ್ತಾರೆ. ನೆಲ ನುಣ್ಣಗಿದೆ, ಎಸಿ ಇದೆ, ಹೆಜ್ಜೆಗೊಂದು ಬೆಂಚಿದೆ. ಜೊತೆಗೆ ಎಂಬತ್ತು ವರ್ಷದ ಅಜ್ಜಿಯಂದ್ರು. ಅವ್ರೇ ನನ್ನ ಹಿಂದೆ ಹಾಕಿ ಹೋಗ್ತಾರೆ." ನಕ್ಕರು. ನಗು ಬೇಗ ಮುಗಿಯಿತು. "ಹೋದ ವಾರದಿಂದ ಹೋಗಿಲ್ಲ."

"ಯಾಕೆ?"

"ಹೊರಡೋದೇ ದೊಡ್ಡ ಕೆಲಸ ಆಗಿದೆ ಕಣೇ. ಹೊರಡೋದ್ರೊಳಗೆ ಸಾಕಾಗ್ಹೋಗತ್ತೆ."

ಬರಲೇ ಎಂದು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು, ಬೇಡವೆಂದ ಮೇಲೆ ಹೋಗುವ ಧೈರ್ಯ ನನಗಿರುತ್ತಿರಲಿಲ್ಲ. ಆಫೀಸಿಗೆ ರಜೆ ಬರೆದು ಮುಂದಿನ ವಿಮಾನ ಹಿಡಿದೆ. ಬ್ರಿಸ್ಬೇನಿನಿಂದ ಪರ್ತ್‌ಗೆ ಹಾರುವಾಗ ಇಡೀ ಮರುಭೂಮಿ ಕೆಳಗೆ ಹಾದುಹೋಗುತ್ತದೆ. ಕಿಟಕಿಯ ಪಕ್ಕ ಕೂತಿದ್ದರೂ ನಾನು ಬಹಳ ನೋಡಲಿಲ್ಲ.

ಬಾಗಿಲು ತೆರೆಯಲು ಅವರಿಗೆ ತುಂಬ ಹೊತ್ತಾಯಿತು. ತೆಳ್ಳಗಾಗಿದ್ದರು. ಮುಖದಲ್ಲಿ ಭಾವ ಕಾಣುತ್ತಿರಲಿಲ್ಲ, ಕಾಯಿಲೆ ಅದನ್ನೂ ಬಿಗಿ ಮಾಡುತ್ತದೆಂದು ಓದಿದ್ದೆ. ಹಾಗಾಗಿ ಸಂತೋಷವಾಯಿತೋ ಸಿಟ್ಟು ಬಂತೋ ಮಾತಿನಿಂದಲೇ ತಿಳಿಯಬೇಕಾಗಿತ್ತು.

"ಯಾರೇ ನಿನ್ನ ಬಾ ಅಂದಿದ್ದು?"

"ಯಾರೂ ಅನ್ನಲಿಲ್ಲ."

"ಅನ್ನ ಒಬ್ಬರಿಗೇ ಇರೋದು."

"ಇನ್ನೊಂದು ಲೋಟ ಅಕ್ಕಿ ಎಲ್ಲಿದೆ ಹೇಳಿ."

ಹೇಳಿದರು.

ಮರುದಿನ ಬೆಳಿಗ್ಗೆ ಎದ್ದು ಬಂದಾಗ ಅವರು ಹೊಸ್ತಿಲ ಪಕ್ಕದ ಕುರ್ಚಿಯಲ್ಲಿ ಬಗ್ಗಿ ಕೂತಿದ್ದರು. ಬೆಟ್ಟದ ಶೂಗಳನ್ನು ಹಾಕಿಕೊಂಡಿದ್ದರು. ಲೇಸಿನ ಎರಡು ತುದಿಗಳು ಅವರ ಬೆರಳುಗಳಲ್ಲಿ ನಡುಗುತ್ತಿದ್ದವು, ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ಕೂತಿದ್ದರೋ ಗೊತ್ತಿಲ್ಲ. ಅಂಟಿಸುವ ಪಟ್ಟಿಯ ಶೂ ತರಬಹುದಿತ್ತು; ಅದನ್ನು ಕೊಳ್ಳುವವರಲ್ಲ ಅವರು. ನನ್ನನ್ನು ನೋಡಿ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

ನಾನು ಹೋಗಿ ನೆಲದ ಮೇಲೆ ಮಂಡಿಯೂರಿ ಕೂತು, ಕಾಲನ್ನು ಮುಂದಕ್ಕೆಳೆದು, ಲೇಸನ್ನು ಅವರ ಬೆರಳುಗಳಿಂದ ಬಿಡಿಸಿಕೊಂಡೆ.

"ಏಳೇ ಮೇಲೆ. ಬೆಳಬೆಳಿಗ್ಗೆ ಕಾಲಿಗೆ ಬೀಳ್ತಾಳೆ. ಆಶೀರ್ವಾದ ಮಾಡೋಕೆಲ್ಲ ನಂಗ್ ಬರಲ್ಲ."

"ಗಟ್ಟಿ ಆಯ್ತಾ ಹೇಳಿ."

ಅವರ ಕೈ ಬಂದು ನನ್ನ ತಲೆಯ ಮೇಲೆ ಕೂತಿತು. ಅಲ್ಲೂ ಅದು ಸುಮ್ಮನಿರಲಿಲ್ಲ, ನಡುಗುತ್ತಲೇ ಇತ್ತು. ಎರಡು ಗಂಟು ಹಾಕಿ, ಇನ್ನೊಂದು ಕಾಲನ್ನು ಹತ್ತಿರಕ್ಕೆ ಎಳೆದುಕೊಂಡೆ.