ಎಣ್ಣೆಯ ಕೆಳಗೆ ಇಳಿದ ನೀರು

ಎಣ್ಣೆ ನೀರಿಗಿಂತ ಹಗುರ ಎಂದು ಹೊಸಪೇಟೆಯ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ. ಗಾಜಿನ ಲೋಟದಲ್ಲಿ ಎರಡನ್ನೂ ಸುರಿದು ತೋರಿಸಿದ್ದೇನೆ. ಉತ್ತರ ತಪ್ಪಿದವರ ಕಿವಿ ಹಿಂಡಿದ್ದೇನೆ. ಆ ಕಿವಿಗಳ ಕ್ಷಮೆ ಕೇಳಬೇಕಾದ ಕಾಲ ನಿವೃತ್ತಿಯ ನಂತರ ಬಂತು.

ಹೋದ ತಿಂಗಳು ಒಂದು ಸಂಜೆ ನನ್ನ ಹೆಂಡತಿ ಗೌರಿ ಮಿರ್ಚಿ ಕರಿಯಲು ಎಣ್ಣೆ ಕಾಯಿಸುತ್ತಿದ್ದಳು. ಕಂಪ್ಲಿಯಿಂದ ಅವಳ ತಂಗಿಯ ಫೋನು ಬಂತು. "ಸ್ವಲ್ಪ ನೋಡ್ತಿರ್ರಿ" ಎಂದು ಹೊರಗೆ ಹೋದಳು. ನಾನು ನೋಡುತ್ತಲೇ ಇದ್ದೆ. ಮೊದಲು ಹೊಗೆ ಬಂತು; ಅದನ್ನೂ ನೋಡಿದೆ. ಆಮೇಲೆ ಬಾಣಲೆಗೆ ಬೆಂಕಿ ಹತ್ತಿತು. ಗೌರಿ ಓಡಿ ಬರುವುದಕ್ಕೂ ನಾನು ಒಂದು ಚೆಂಬು ನೀರು ಸುರಿಯುವುದಕ್ಕೂ ಸರಿಹೋಯಿತು.

ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ನೀರು ಎಣ್ಣೆಯ ಮೇಲೆ ನಿಲ್ಲಲಿಲ್ಲ. ನಾನು ಕಲಿಸಿದ ಹಾಗೆಯೇ ಕೆಳಗಿಳಿಯಿತು. ಇಳಿದದ್ದೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಹೊತ್ತುಕೊಂಡು ಮೇಲೆದ್ದಿತು. ಬೆಂಕಿ ಸೂರು ಮುಟ್ಟಿತು. ಪಕ್ಕದ ಮನೆಯ ಶಾಂತಕ್ಕ ಓಡಿ ಬಂದು ಗ್ಯಾಸ್ ಬಂದ್ ಮಾಡಿ, ರೊಟ್ಟಿ ಹಂಚನ್ನು ಬಾಣಲೆಯ ಮೇಲೆ ಮುಚ್ಚಿದಳು. ಅಷ್ಟಕ್ಕೇ ಬೆಂಕಿ ಸತ್ತಿತು.

ಗೌರಿಯ ಮುಂಗೈ ಮೇಲೆ ಹುಣಸೆಬೀಜದಷ್ಟು ಬೊಬ್ಬೆ ಎದ್ದಿತ್ತು. ಅವಳು ಬೈಯಲಿಲ್ಲ. ಆದರೆ ಮರುದಿನದಿಂದ ನಾನು ಅಡುಗೆಮನೆಗೆ ಕಾಲಿಟ್ಟರೆ ಒಲೆ ಆರಿಸಿ ನಿಲ್ಲುತ್ತಿದ್ದಳು. ನಾನು ಹೊರಗೆ ಬಂದ ಮೇಲೆ ಮತ್ತೆ ಹಚ್ಚುತ್ತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಬಗ್ಗೆ ಇಷ್ಟು ಸ್ಪಷ್ಟವಾದ ಅಭಿಪ್ರಾಯವನ್ನು ಅವಳು ಎಂದೂ ಹೇಳಿರಲಿಲ್ಲ. ಮನೆಯಲ್ಲಿ ಮಿರ್ಚಿಯ ಮಾತೇ ನಿಂತುಹೋಯಿತು.

ಇದರ ಮೇಲೆ ವಿಚಾರಿಸಲು ಬಂದವರ ಕಾಟ; ನೀರು ಎಣ್ಣೆಯ ಕೆಳಗೆ ಇಳಿಯಿತೆಂದರೆ ಒಬ್ಬರೂ ನಂಬರು. ಗೌರಿಯ ತಮ್ಮ ಬಸವರಾಜ ಸಂಡೂರಿನಲ್ಲಿ ದಿನವಿಡೀ ಅದಿರಿನ ಲಾರಿ ತೂಗುವವನು. ಅವನೂ ಅದೇ ರಾಗ ಎಳೆದ: "ಎಣ್ಣಿ ಮಂದ ಇರ್ತೈತಲ್ಲ ಮಾವ, ಅದರ ತೂಕ ಜಾಸ್ತಿ. ನೀರು ಹೆಂಗ ಕೆಳಗ ಹೋಗ್ತದ?"

ನನ್ನ ತಾಳ್ಮೆ ಮುಗಿಯಿತು. ಅಡುಗೆಮನೆಯ ತಕ್ಕಡಿ ತಂದೆ. ಒಂದೇ ಲೋಟವನ್ನು ಒಂದೊಂದು ಸಲ ಒಂದೊಂದು ದ್ರವದಿಂದ ಅಂಚಿನವರೆಗೆ ತುಂಬಿ ತೂಗಿ, ಲೋಟದ ತೂಕ ಕಳೆದು, ಹೇಳಿದೆ. ನೀರು ಇನ್ನೂರು ಗ್ರಾಂ. ಶೇಂಗಾ ಎಣ್ಣೆ ನೂರಾ ಎಂಬತ್ತಮೂರು. ಹಾಲು ಇನ್ನೂರಾ ಆರು. ಕಂಪ್ಲಿಯ ಜೋನಿಬೆಲ್ಲ ಇನ್ನೂರಾ ಎಪ್ಪತ್ತು ದಾಟಿತು. ಮಂದವಾದದ್ದೆಲ್ಲ ಭಾರವಲ್ಲ ಎಂದು ತಕ್ಕಡಿಯೇ ಹೇಳುತ್ತಿತ್ತು.

"ಹಾಲಿನವ ನೀರು ಹಾಕಿರ್ತಾನ, ಅದಕ್ಕ ತೂಕ ಬಂದೈತಿ" ಎಂದ ಬಸವರಾಜ.

"ನೀರು ಹಾಕಿದರ ಹಾಲಿನ ತೂಕ ಇಳೀತದೋ ಮಾರಾಯ!"

"ಹಂಗಾರ ನಿಮ್ಮ ತಕ್ಕಡಿ ಕೆಟ್ಟೈತಿ ಬಿಡ್ರಿ."

ಈ ಮನುಷ್ಯ ತೂಗಿದ ಲಾರಿಗಳು ನಮ್ಮ ರಸ್ತೆಯ ಮೇಲೆ ಓಡಾಡುತ್ತಿವೆ.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಗೌರಿ ಮೆಲ್ಲಗೆ ಕೇಳಿದಳು: "ಇದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ?"

ನಾನು ತರಗತಿಯಲ್ಲಿ ಕೇಳಿದ ಯಾವ ಪ್ರಶ್ನೆಯೂ ಇಷ್ಟು ಚಿಕ್ಕದಾಗಿರಲಿಲ್ಲ. "ತಲಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ" ಎಂದೆ.

ಅವಳು ಒಳಗೆ ಹೋಗಿ ಮೆಣಸಿನಕಾಯಿ ಸೀಳಿ, ಹಿಟ್ಟು ಕಲಸಿ, ಒಲೆ ಹಚ್ಚಿ, ನನ್ನನ್ನು ಕರೆದಳು. ನಾನು ಹೋದೆ; ಒಲೆ ಆರಲಿಲ್ಲ. ರೊಟ್ಟಿ ಹಂಚನ್ನು ನನ್ನ ಕೈಗಿತ್ತು, "ಮಿರ್ಚಿ ಮುಗಿಯೂತನ ಇದನ್ನ ಹಿಡ್ಕೊಂಡು ಇಲ್ಲೇ ನಿಂದರ್ರಿ. ಕೈಗೂ ಗೊತ್ತಾಗ್ಲಿ" ಎಂದಳು.

ಆ ಹಂಚನ್ನು ತಕ್ಕಡಿಗೆ ಹಾಕಿ ನೋಡಿಲ್ಲ. ಕೈಗೆ ಗೊತ್ತಾದಂತೆ ಅದರ ತೂಕ ಹದಿನಾರು ಮಿರ್ಚಿ.